ನಾಮ್ ಪೆನ್‌ನ ಒಂದು ದಿನದ ಚರಿತ್ರೆ ಪ್ರವಾಸ: ಜನವರಿ 7ರಲ್ಲೇ ನಿಂತುಹೋಗುವ ವ್ಯಾನು

ಕಾಂಬೋಡಿಯಾಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಆಂಗ್ಕೋರ್ ವಾಟ್ ದೇವಾಲಯವನ್ನು ಕಣ್ತುಂಬಿಕೊಂಡು ಸಿಯೆಮ್ ರೀಪ್‌ನಿಂದಲೇ ವಾಪಸಾಗುತ್ತಾರೆ. ರಾಜಧಾನಿ ನಾಮ್ ಪೆನ್‌ವರೆಗೆ ಹೋದವರೂ ಅರಮನೆಗೆ ಮತ್ತು ನದಿಯ ದಂಡೆಗೆ ಒಂದು ಸಂಜೆ ಕೊಟ್ಟು ಮುಗಿಸುತ್ತಾರೆ. ನಾನು ಮತ್ತು ನನ್ನ ಪತ್ನಿ ಅಲ್ಲಿ ಮೂರು ದಿನ ಉಳಿದೆವು. ಅದರಲ್ಲಿ ಇಡೀ ಒಂದು ದಿನವನ್ನು ಅಲ್ಲಿನ ಖಾಸಗಿ ಸಂಸ್ಥೆಯೊಂದು ನಡೆಸುವ ಚರಿತ್ರೆ ಪ್ರವಾಸಕ್ಕೆ ಮೀಸಲಿಟ್ಟೆವು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ಮಾರ್ಗದ, ಹೆಚ್ಚುಕಡಿಮೆ ಇದೇ ಕ್ರಮದ ಪ್ರವಾಸಗಳು ಆ ಊರಿನಲ್ಲಿ ಬೇಕಾದಷ್ಟಿವೆ, ಮತ್ತು ನನ್ನ ತಕರಾರು ಒಬ್ಬ ವ್ಯಾಪಾರಿಯ ಮೇಲಿನದಲ್ಲ, ಆ ಮಾರ್ಗ ಹೇಳುವ ಕಥೆಯ ಮೇಲಿನದು. ಕರಪತ್ರದ ಮೇಲೆ ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದ ಭರವಸೆ ಹೀಗಿತ್ತು: ಸರ್ವಾಧಿಕಾರದಿಂದ ವಿಮೋಚನೆಯವರೆಗೆ. ಸರ್ವಾಧಿಕಾರ ಎಂದರೆ ಪೋಲ್ ಪಾಟ್ ನೇತೃತ್ವದ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಣದ ಆಳ್ವಿಕೆ, ವಿಮೋಚನೆ ಎಂದರೆ 1979ರ ಜನವರಿ 7ರಂದು ವಿಯೆಟ್ನಾಂ ಸೈನ್ಯ ರಾಜಧಾನಿಯನ್ನು ಹಿಡಿದು ಅದನ್ನು ಕೊನೆಗೊಳಿಸಿದ್ದು. ಹೊರಗಿನ ಸೈನ್ಯವೊಂದು ಬಂದು ಸರ್ವಾಧಿಕಾರಿಯನ್ನು ಕಿತ್ತೊಗೆದರೆ ಸಾಮಾನ್ಯ ಜನರಿಗೆ ಒಳಿತಾಗುತ್ತದೆಯೇ ಎಂಬ ಪ್ರಶ್ನೆ ಇರಾಕ್ ಯುದ್ಧದ ದಿನಗಳಿಂದಲೂ ನನ್ನನ್ನು ಕಾಡುತ್ತ ಬಂದಿರುವುದರಿಂದ, ಆ ಎರಡನೆಯ ಪದವೇ ನನ್ನನ್ನು ವ್ಯಾನಿಗೆ ಹತ್ತಿಸಿತು.

ಮೊದಲು ವ್ಯವಸ್ಥೆಯ ಮಾತು. ತಲೆಗೆ 45 ಡಾಲರ್. ಪ್ರವೇಶ ಶುಲ್ಕ, ಮಧ್ಯಾಹ್ನದ ಊಟ, ಕುಡಿಯುವ ನೀರು ಎಲ್ಲ ಸೇರಿ. ಬೆಳಿಗ್ಗೆ 8 ಗಂಟೆಗೆ ಹೋಟೆಲಿನ ಬಾಗಿಲಿಗೇ ವ್ಯಾನು ಬಂತು, ಎ.ಸಿ. ಸರಿಯಾಗಿತ್ತು, ಒಟ್ಟು ಏಳು ಮಂದಿ ಇದ್ದೆವು. ಮಾರ್ಗದರ್ಶಿ ನಲವತ್ತರ ಆಸುಪಾಸಿನವರು, ಇಂಗ್ಲಿಷ್ ಸ್ಪಷ್ಟ, ದನಿ ತಗ್ಗಿದ್ದು. ಎಲ್ಲಿ ಮಾತನಾಡಬೇಕು, ಎಲ್ಲಿ ನಮ್ಮನ್ನು ನಮ್ಮ ಪಾಡಿಗೆ ಬಿಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಈ ವೃತ್ತಿಯಲ್ಲಿ ಇದೊಂದು ಗುಣ ಇದ್ದರೆ ಉಳಿದ ಕೊರತೆಗಳನ್ನು ಕ್ಷಮಿಸಬಹುದು. ಅಲ್ಲಿನ ರೂಢಿಯಂತೆ ನಮ್ಮಿಬ್ಬರನ್ನೂ ಅವರು ‘ಬೋಂಗ್’ ಎಂದು ಕರೆದರು. ನಮ್ಮ ಅಣ್ಣ, ಅಕ್ಕ ಎರಡಕ್ಕೂ ಅಲ್ಲಿ ಅದೊಂದೇ ಪದ.

ಮೊದಲ ನಿಲುಗಡೆ ಟುವೋಲ್ ಸ್ಲೆಂಗ್. ಸ್ಲೆಂಗ್ ಎಂದರೆ ನಮ್ಮ ಕರಾವಳಿ, ಮಲೆನಾಡಿನವರು ಕಾಸರಕ ಎಂದು ಗುರುತಿಸುವ ವಿಷದ ಮರ. ಟುವೋಲ್ ಎಂದರೆ ದಿಬ್ಬ. ಮೂರು ಮಹಡಿಯ, ಉದ್ದನೆಯ ಪಡಸಾಲೆಗಳ ಈ ಕಟ್ಟಡಗಳು 1975ರವರೆಗೆ ಒಂದು ಹೈಸ್ಕೂಲ್ ಆಗಿದ್ದವು. ಆ ವರ್ಷದ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆಗಳು ನಗರವನ್ನು ಹಿಡಿದು, ಸುಮಾರು ಇಪ್ಪತ್ತು ಲಕ್ಷ ಜನರನ್ನು, ಆಸ್ಪತ್ರೆಯ ಹಾಸಿಗೆಯಲ್ಲಿದ್ದ ರೋಗಿಗಳನ್ನೂ ಬಿಡದೆ, ಹಳ್ಳಿಗಳ ಕಡೆಗೆ ಅಟ್ಟಿದವು. ಖಾಲಿಯಾದ ಶಾಲೆ ಎಸ್-21 ಎಂಬ ಗುಪ್ತ ಸೆರೆಮನೆಯಾಯಿತು. ಕನಿಷ್ಠ 14,000 ಮಂದಿ ಇಲ್ಲಿಗೆ ಬಂದರು, ಬದುಕಿ ಹೊರಬಂದವರು ಬೆರಳೆಣಿಕೆಯಷ್ಟು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವ ಮಾತನ್ನು ನಾವು ಸಣ್ಣಪುಟ್ಟ ಲಂಚದ ಪ್ರಕರಣಗಳಿಗೂ ಬಳಸಿ ಸವೆಸಿಬಿಟ್ಟಿದ್ದೇವೆ. ಅದರ ನಿಜವಾದ ಅಳತೆ ಇಲ್ಲಿ ತಿಳಿಯುತ್ತದೆ.

ಎ ಕಟ್ಟಡದ ನೆಲಮಹಡಿಯ ಕೋಣೆಯೊಂದರಲ್ಲಿ ಮಾರ್ಗದರ್ಶಿ ನಮ್ಮನ್ನು ಹದಿನೈದು ನಿಮಿಷ ನಿಲ್ಲಿಸಿದರು. ಹಳದಿ ಮತ್ತು ಬಿಳಿ ಚೌಕಗಳ ನೆಲಹಾಸು, ಅಂದರೆ ಯಾವುದೇ ಹಳೆಯ ಶಾಲೆಯಲ್ಲಿ ಇರುವಂಥದ್ದು. ನಡುವೆ ಹಾಸಿಗೆಯಿಲ್ಲದ ಕಬ್ಬಿಣದ ಮಂಚ, ಅದರ ಮೇಲೆ ಕಾಲಿಗೆ ಹಾಕುವ ಬೇಡಿ, ಮಲಮೂತ್ರಕ್ಕೆಂದು ಕೊಡುತ್ತಿದ್ದ ಮದ್ದುಗುಂಡಿನ ಖಾಲಿ ಡಬ್ಬಿ. ಗೋಡೆಯ ಮೇಲೆ ಮಸುಕಾದ ಒಂದು ಕಪ್ಪುಬಿಳುಪು ಚಿತ್ರ: ಅದೇ ಕೋಣೆ, ಅದೇ ಮಂಚ, ಅದರ ಮೇಲೆ ಒಂದು ಶವ. 1979ರ ಜನವರಿಯಲ್ಲಿ ವಿಯೆಟ್ನಾಂ ಸೈನ್ಯದೊಂದಿಗೆ ಬಂದ ಛಾಯಾಗ್ರಾಹಕರು ದುರ್ವಾಸನೆಯ ಜಾಡು ಹಿಡಿದು ಈ ಆವರಣವನ್ನು ಹೊಕ್ಕಾಗ ಕಂಡದ್ದು ಇದು. ಹೀಗೆ ಸಿಕ್ಕಿದ 14 ಶವಗಳನ್ನು ಅಂಗಳದಲ್ಲೇ ಮಣ್ಣು ಮಾಡಿದ್ದಾರೆ. ಬಿಳಿ ಬಣ್ಣದ ಆ ಸಮಾಧಿಗಳ ಪಕ್ಕದಲ್ಲೇ ಪ್ರವಾಸಿಗರು ನಡೆದುಹೋಗುತ್ತಾರೆ.

ಪ್ರಶ್ನೆಯ ಅರ್ಧಭಾಗಕ್ಕೆ ಉತ್ತರ ಆ ಕೋಣೆಯಲ್ಲೇ ಇದೆ ಎಂದು ನನಗೆ ಅನ್ನಿಸಿತು. ಸೈನ್ಯ ನಗರವನ್ನು ಪ್ರವೇಶಿಸುವ ಹೊತ್ತಿನವರೆಗೂ ಇಲ್ಲಿ ಕೊಲೆ ನಡೆಯುತ್ತಲೇ ಇತ್ತು. ಹಿಂದೆಂದೋ ನಡೆದ ದೌರ್ಜನ್ಯಕ್ಕೆ ಶಿಕ್ಷೆ ಕೊಡಲೆಂದಾಗಲೀ ಮುಂದೆಂದೋ ನಡೆಯಬಹುದಾದ ಅಪಾಯವನ್ನು ತಡೆಯಲೆಂದಾಗಲೀ ಬಂದ ಸೈನ್ಯ ಅದಾಗಿರಲಿಲ್ಲ. ಅದು ಬಂದಾಗ ರಕ್ತ ಇನ್ನೂ ಹಸಿಯಾಗಿತ್ತು. ಸುಮಾರು 80 ಲಕ್ಷ ಜನಸಂಖ್ಯೆಯ ದೇಶದಲ್ಲಿ ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನಗಳಲ್ಲಿ 17 ಲಕ್ಷಕ್ಕೂ ಹೆಚ್ಚು ಮಂದಿ ಕೊಲೆ, ಹಸಿವು, ಕಾಯಿಲೆ ಮತ್ತು ದುಡಿತಕ್ಕೆ ಬಲಿಯಾಗಿದ್ದರು. ಅದು ಇನ್ನೊಂದು ವರ್ಷ ಮುಂದುವರಿದಿದ್ದರೆ ಎಂಬ ಲೆಕ್ಕವನ್ನು ಯಾರೂ ಕಾಗದದ ಮೇಲೆ ಹಾಕಬೇಕಾಗಿಲ್ಲ. ಮನೆಗೆ ಬೆಂಕಿ ಬಿದ್ದಾಗ ನೀರು ಹೊತ್ತು ತಂದವನ ಕುಲಗೋತ್ರವನ್ನು ಒಳಗಿದ್ದವರು ಕೇಳುವುದಿಲ್ಲ.

ಆದರೆ ನೀರು ಹೊತ್ತು ತಂದವನು ಏಕೆ ಬಂದ ಎಂಬುದನ್ನು ಚರಿತ್ರೆ ಹೇಳುವ ಪ್ರವಾಸ ಹೇಳಲೇಬೇಕು. ಇಲ್ಲಿ ನಮ್ಮ ಮಾರ್ಗದರ್ಶಿ, ಸಂಸ್ಥೆ ಬರೆದುಕೊಟ್ಟ ಪಾಠವನ್ನು ಒಪ್ಪಿಸುವವರಂತೆ, ‘ನೆರೆಯವರು ನಮ್ಮ ಕೂಗನ್ನು ಕೇಳಿ ಬಂದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರು. ನಡೆದದ್ದು ಹಾಗಲ್ಲ. ಕೊಲೆಗಳು ದೇಶದೊಳಗೆ ನಡೆಯುತ್ತಿದ್ದಷ್ಟು ಕಾಲ ವಿಯೆಟ್ನಾಂನ ಹನೋಯ್ ಸರಕಾರ ಮೌನವಾಗಿತ್ತು. ಖ್ಮೇರ್ ರೂಜ್ ಗಡಿ ದಾಟಿ ವಿಯೆಟ್ನಾಂನ ಹಳ್ಳಿಗಳ ಮೇಲೆ ಎರಗತೊಡಗಿದ ಮೇಲೆ, 1978ರ ಏಪ್ರಿಲ್‌ನಲ್ಲಿ ಬಾ ಚುಕ್ ಎಂಬ ಊರಿನಲ್ಲಿ 3,000ಕ್ಕೂ ಹೆಚ್ಚು ನಾಗರಿಕರನ್ನು ಕೊಂದ ಮೇಲೆ ಅದು ಎಚ್ಚೆತ್ತಿತು. ಡಿಸೆಂಬರ್ 2ರಂದು ಗಡಿಯ ಸಮೀಪದ ಸ್ನೂಲ್‌ನಲ್ಲಿ, ಖ್ಮೇರ್ ರೂಜ್‌ನಿಂದಲೇ ತಪ್ಪಿಸಿಕೊಂಡು ಬಂದಿದ್ದ ಹೆಂಗ್ ಸಾಮ್ರಿನ್ ಮುಂದಾಳತ್ವದಲ್ಲಿ ಪೋಲ್ ಪಾಟ್ ವಿರೋಧಿ ರಂಗವೊಂದು ಸ್ಥಾಪನೆಯಾಯಿತು. ಡಿಸೆಂಬರ್ 25ರಂದು ದೊಡ್ಡ ದಾಳಿ ಆರಂಭವಾಗಿ, ಎರಡೇ ವಾರಗಳಲ್ಲಿ, ಜನವರಿ 7ಕ್ಕೆ ರಾಜಧಾನಿ ಬಿದ್ದಿತು. ವಿಶ್ವಸಂಸ್ಥೆಯ ಮುಂದೆ ನಿಂತಾಗಲೂ ವಿಯೆಟ್ನಾಂ ತಾನು ಜನರನ್ನು ಉಳಿಸಲು ಹೋದೆ ಎಂದು ವಾದಿಸಲಿಲ್ಲ. ತನ್ನದು ಗಡಿಯ ರಕ್ಷಣೆ, ಪೋಲ್ ಪಾಟ್‌ನನ್ನು ಇಳಿಸಿದ್ದು ಕಾಂಬೋಡಿಯಾದ ಜನರ ದಂಗೆ ಎಂದಿತು. ಉಳಿಸುವ ಉದ್ದೇಶವನ್ನು ಹೇಳಿಕೊಳ್ಳದ ಸೈನ್ಯವೊಂದು ಲಕ್ಷಾಂತರ ಜನರನ್ನು ಉಳಿಸಿತು ಎಂಬ ಈ ವಿಚಿತ್ರವೇ ಈ ಪ್ರವಾಸದ ಅತ್ಯಂತ ಬೆಲೆಯುಳ್ಳ ವಿಷಯವಾಗಬಹುದಿತ್ತು. ಅದು ವ್ಯಾನಿನ ಬಾಗಿಲು ಎಳೆಯುವ ಸದ್ದಿನಲ್ಲಿ ಕಳೆದುಹೋಯಿತು.

ಎರಡನೆಯ ನಿಲುಗಡೆಯಾದ ಚೂಂಗ್ ಏಕ್ ನಗರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. ಎಸ್-21ರ ಕೈದಿಗಳನ್ನು ರಾತ್ರಿ ಲಾರಿಗಳಲ್ಲಿ ತಂದು ಕೊಲ್ಲುತ್ತಿದ್ದ ಹಳೆಯ ತೋಟ ಇದು. 129 ಸಾಮೂಹಿಕ ಗುಂಡಿಗಳಲ್ಲಿ 86ನ್ನು ಮಾತ್ರ ಅಗೆದಿದ್ದಾರೆ. ಇಲ್ಲಿನ ಶ್ರವಣ ಮಾರ್ಗದರ್ಶಿ ಸೊಗಸಾಗಿದೆ, ಕಿವಿಗೆ ಹಾಕಿಕೊಂಡವರು ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ಮಳೆ ಬಂದ ಮರುದಿನ ಕಾಲುದಾರಿಯ ಮಣ್ಣಿನಿಂದ ಬಟ್ಟೆಯ ಚೂರು ಮೇಲೇಳುವುದನ್ನು ನಾನು ಕಂಡೆ. ಅದಕ್ಕಿಂತ ಹೆಚ್ಚಿಗೆ ಇದರ ಬಗ್ಗೆ ಬರೆಯುವ ಮನಸ್ಸಿಲ್ಲ. ಈ ಎರಡು ಸ್ಥಳಗಳೂ 2025ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಲ್ಲಿಯವರೆಗೆ, ಎಂದರೆ ಮಧ್ಯಾಹ್ನ ಒಂದು ಗಂಟೆಯವರೆಗೆ, ಈ ಪ್ರವಾಸಕ್ಕೆ ಪೂರ್ಣ ಅಂಕ ಕೊಡಬಹುದು.

ಊಟ ಸಾಧಾರಣ. ನಾವು ಸಸ್ಯಾಹಾರಿಗಳೆಂದು ಮೊದಲೇ ತಿಳಿಸಿದ್ದರಿಂದ ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ತೆಂಗಿನಹಾಲಿನ ತೋಫು, ಬಿಸಿ ಅನ್ನ ಸಿಕ್ಕಿತು. ಮೀನಿನ ರಸ ಹಾಕಬಾರದು ಎಂಬುದನ್ನು ಅಡುಗೆಮನೆಗೆ ಮೂರು ಸಲ ಹೇಳಿ ಬರಬೇಕಾಯಿತು. ಆದರೆ ಇಡೀ ದಿನದಲ್ಲಿ ನಾನು ಕೇಳಬೇಕೆಂದು ಬಂದಿದ್ದ ಮಾತು ದೊರೆತದ್ದು ಆ ಮೇಜಿನ ಮುಂದೆಯೇ, ಅದೂ ಪಾಠದ ಹೊರಗೆ. ಅನ್ನ ಬಡಿಸಿಕೊಳ್ಳುತ್ತಾ ನನ್ನ ಪತ್ನಿ, ‘ನಿಮ್ಮ ಮನೆಯವರು ಆಗ ಎಲ್ಲಿದ್ದರು?’ ಎಂದು ಕೇಳಿದರು. ಮಾರ್ಗದರ್ಶಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ತಾಯಿ ಪುರ್ಸಾತ್ ಪ್ರಾಂತ್ಯದ ಒಂದು ದುಡಿಮೆಯ ಶಿಬಿರದಲ್ಲಿದ್ದರೆಂದರು. ಒಬ್ಬರಿಗೆ ಸಾಕಾಗುವಷ್ಟು ಅಕ್ಕಿಯನ್ನು ಹತ್ತು ಮಂದಿಗೆ ಬೇಯಿಸಿದ, ಅಗುಳುಗಳನ್ನು ಎಣಿಸಬಹುದಾದ ಗಂಜಿಯೇ ಮೂರು ವರ್ಷಗಳ ಊಟ. ಅಕ್ಕಿಯನ್ನು ಅಳೆಯುತ್ತಿದ್ದದ್ದು ಹಾಲಿನ ಡಬ್ಬಿಯಲ್ಲಿ. ಒಂದು ರಾತ್ರಿ ಕಾವಲಿನವರು ಓಡಿಹೋದರು, ಬೆಳಿಗ್ಗೆ ಬೇರೆ ಸಮವಸ್ತ್ರದವರು ರಸ್ತೆಯಲ್ಲಿ ಕಂಡರು, ಜನರು ಕಣಜದ ಬಾಗಿಲು ಒಡೆದರು. ‘ಅಮ್ಮ ಆ ದಿನವನ್ನು ವಿಮೋಚನೆ ಎನ್ನುವುದಿಲ್ಲ, ಆಕ್ರಮಣ ಎಂದೂ ಹೇಳುವುದಿಲ್ಲ. ಅನ್ನ ಉಂಡ ದಿನ ಎನ್ನುತ್ತಾರೆ’ ಎಂದರು. ಆಮೇಲೆ, ತಟ್ಟೆಯನ್ನು ನೋಡುತ್ತಲೇ, ಅದೇ ತಾಯಿಯ ತಮ್ಮನನ್ನು 1985ರಲ್ಲಿ ಹೊಸ ಸರಕಾರದವರು ಗಡಿಯ ಕಾಡು ಕಡಿಯುವ ಕೆಲಸಕ್ಕೆ ಹಿಡಿದುಕೊಂಡು ಹೋದರೆಂದೂ, ಆತ ಒಂದು ಕಾಲು ಕಳೆದುಕೊಂಡು ಹಿಂದಿರುಗಿದನೆಂದೂ ಹೇಳಿದರು.

ಆ ಎರಡನೆಯ ವಾಕ್ಯಕ್ಕೆ ಕರಪತ್ರದಲ್ಲಿ ಜಾಗವಿಲ್ಲ. ಥಾಯ್ಲೆಂಡ್ ಗಡಿಯುದ್ದಕ್ಕೂ ತಡೆಗೋಡೆ ಎಬ್ಬಿಸಲು, ಕಂದಕ ತೋಡಲು, ನೆಲಬಾಂಬು ಹುಗಿಯಲು ರೂಪಿಸಿದ ಕೆ-5 ಯೋಜನೆಗೆ ಹಳ್ಳಿಗಳಿಂದ ರೈತರನ್ನು ಸರದಿಯ ಮೇಲೆ ಒಯ್ಯಲಾಯಿತು. ಮಲೇರಿಯಾಕ್ಕೆ ಮತ್ತು ಬಾಂಬುಗಳಿಗೆ ಸಾವಿರಾರು ಮಂದಿ ಬಲಿಯಾದರು. 1979ರಿಂದ ಈಚೆಗೆ ಆ ದೇಶದಲ್ಲಿ ನೆಲಬಾಂಬು ಮತ್ತು ಸಿಡಿಯದೆ ಉಳಿದ ಮದ್ದುಗುಂಡುಗಳಿಂದ ಸತ್ತವರೇ ಸುಮಾರು 20,000. ಸರ್ವಾಧಿಕಾರಿಯನ್ನು ಇಳಿಸಿದ ನಂತರದ ಲೆಕ್ಕ ಇದು.

ಊಟದ ನಂತರದ ನಿಲುಗಡೆ ವಾಟ್ ಬೋಟುಮ್ ಉದ್ಯಾನದ ಕಾಂಬೋಡಿಯಾ-ವಿಯೆಟ್ನಾಂ ಸ್ನೇಹ ಸ್ಮಾರಕ. ನಿಗದಿಪಡಿಸಿದ್ದ ಸಮಯ ಹದಿನೈದು ನಿಮಿಷ. ಅದರಲ್ಲಿ ಐದು ನಿಮಿಷ ಎಳನೀರಿಗೆ ಹೋಯಿತು. ಎತ್ತರದ ಕಟ್ಟೆಯ ಮೇಲೆ ಇಬ್ಬರು ಸೈನಿಕರು, ಒಬ್ಬ ವಿಯೆಟ್ನಾಮಿ, ಒಬ್ಬ ಖ್ಮೇರ್, ಅಂದರೆ ಕಾಂಬೋಡಿಯಾದವನು. ಅವರ ಮುಂದೆ ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು. ಸೈನಿಕರ ನೋಟ ದೂರದಲ್ಲಿದೆ, ಹೆಂಗಸಿನ ನೋಟವೂ ದೂರದಲ್ಲಿದೆ, ಮೂವರಲ್ಲಿ ಯಾರೂ ಯಾರನ್ನೂ ನೋಡುತ್ತಿಲ್ಲ. ‘ಎರಡು ದೇಶಗಳ ಮೈತ್ರಿಯ ಸಂಕೇತ’ ಎಂದು ಹೇಳಿ ಮಾರ್ಗದರ್ಶಿ ಗಡಿಯಾರ ನೋಡಿಕೊಂಡರು. ಇದೇ ಪ್ರತಿಮೆಗೆ 1998ರಲ್ಲಿ ಪ್ರತಿಭಟನಕಾರರು ಸುತ್ತಿಗೆಯಿಂದ ಹೊಡೆದು ಬೆಂಕಿ ಹಚ್ಚಿದ್ದರು ಎಂಬುದನ್ನು ಅವರು ಹೇಳಲಿಲ್ಲ. 2007ರಲ್ಲಿ ಇದರ ಬುಡದಲ್ಲಿ ಬಾಂಬು ಇಟ್ಟಿದ್ದರು ಎಂಬುದನ್ನೂ ಹೇಳಲಿಲ್ಲ. ತಮ್ಮ ಜೀವ ಉಳಿಸಿದ ಸೈನಿಕನ ಪ್ರತಿಮೆಗೆ ಜನರು ಬೆಂಕಿ ಹಚ್ಚುವುದು ಏಕೆ ಎಂದು ಕೇಳದ ಪ್ರವಾಸ ಚರಿತ್ರೆಯ ಪ್ರವಾಸ ಹೇಗಾಗುತ್ತದೆ?

ಬಂದ ಸೈನ್ಯ ಹತ್ತು ವರ್ಷ ಉಳಿಯಿತು ಎಂಬುದು ಉತ್ತರದ ಒಂದು ಭಾಗ. 1989ರ ಸೆಪ್ಟೆಂಬರ್‌ವರೆಗೂ ವಿಯೆಟ್ನಾಂ ಪಡೆಗಳು ಅಲ್ಲೇ ಇದ್ದವು, ಮಂತ್ರಾಲಯಗಳಲ್ಲಿ ಅವರ ಸಲಹೆಗಾರರಿದ್ದರು. ಆದರೆ ಉತ್ತರದ ದೊಡ್ಡ ಭಾಗ ಹನೋಯ್‌ನಲ್ಲೂ ಇಲ್ಲ, ನಾಮ್ ಪೆನ್‌ನಲ್ಲೂ ಇಲ್ಲ. ಹೊರಗಿನ ಸೈನ್ಯವನ್ನು ಕಳಿಸಿದ ವಿಯೆಟ್ನಾಂ ಅನ್ನು ಶಿಕ್ಷಿಸಬೇಕೆಂದು ಚೀನಾ, ಅಮೆರಿಕ ಮತ್ತು ಆಗ್ನೇಯ ಏಷ್ಯಾದ ಆಸಿಯಾನ್ ರಾಷ್ಟ್ರಗಳು ಪಟ್ಟು ಹಿಡಿದವು. 1979ರ ಫೆಬ್ರುವರಿ 17ರಂದು ಚೀನಾ ವಿಯೆಟ್ನಾಂನ ಉತ್ತರದ ಗಡಿಯ ಮೇಲೆ ದಾಳಿ ಮಾಡಿತು. ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಆಸನವನ್ನು, ಅಷ್ಟು ಜನರನ್ನು ಕೊಂದು ಓಡಿಹೋದ ಖ್ಮೇರ್ ರೂಜ್ ಸರಕಾರವೇ ಮೊದಲು ಒಂಟಿಯಾಗಿ, 1982ರ ನಂತರ ಮೂರು ಬಣಗಳ ಒಕ್ಕೂಟದ ಹೆಸರಿನಲ್ಲಿ ಉಳಿಸಿಕೊಂಡಿತು. ನಾಮ್ ಪೆನ್‌ನ ಹೊಸ ಸರಕಾರವನ್ನು 1980ರ ಜುಲೈನಲ್ಲಿ ಮಾನ್ಯ ಮಾಡಿದ ಭಾರತ, ಸಮಾಜವಾದಿ ಬಣದ ಹೊರಗೆ ಹಾಗೆ ಮಾಡಿದ ವಿರಳ ರಾಷ್ಟ್ರಗಳಲ್ಲಿ ಒಂದು. ನಮ್ಮ ಪುರಾತತ್ವ ಇಲಾಖೆಯವರು 1986ರಲ್ಲೇ, ಒಳಯುದ್ಧ ನಡೆಯುತ್ತಿರುವಾಗಲೇ, ಆಂಗ್ಕೋರ್ ವಾಟ್‌ನಲ್ಲಿ ಕೆಲಸ ಮಾಡಲು ಸಾಧ್ಯವಾದದ್ದು ಈ ಕಾರಣದಿಂದ. ಮಾನ್ಯತೆ ಇಲ್ಲದ ದೇಶಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ನೆರವು ಇಲ್ಲ. ಅದರಿಂದ ಬಳಲಿದವರು ಹನೋಯ್‌ನ ಸೇನಾಧಿಪತಿಗಳಲ್ಲ, ಬಿತ್ತಲು ಭತ್ತ, ಉಳಲು ಎತ್ತು ಇಲ್ಲದ ರೈತರು. ಇತ್ತ ಗಡಿಯಾಚೆಯ ಶಿಬಿರಗಳಲ್ಲಿ ನಿರಾಶ್ರಿತರಿಗೆಂದು ಬಂದ ಅಕ್ಕಿ, ಅದೇ ಶಿಬಿರಗಳಲ್ಲಿ ಅಡಗಿದ್ದ ಖ್ಮೇರ್ ರೂಜ್ ಹೋರಾಟಗಾರರ ಹೊಟ್ಟೆಯನ್ನೂ ತುಂಬಿಸಿ ಅವರನ್ನು ಮತ್ತೆ ಎಬ್ಬಿಸಿ ನಿಲ್ಲಿಸಿತು. ಒಳಯುದ್ಧವನ್ನು ಮುಗಿಸಲೆಂದು ಮಾಡಿಕೊಂಡ ಪ್ಯಾರಿಸ್ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1991ರ ಅಕ್ಟೋಬರ್ 23ರಂದು. ಪೋಲ್ ಪಾಟ್ ಸತ್ತದ್ದು 1998ರಲ್ಲಿ, ಯಾವ ಅಂತರರಾಷ್ಟ್ರೀಯ ನ್ಯಾಯಾಲಯದ ಕಟಕಟೆಯನ್ನೂ ಹತ್ತದೆ.

ವ್ಯಾನಿನಲ್ಲಿ ಮುಂದಿನ ಸೀಟಿನಲ್ಲಿದ್ದ ಐರೋಪ್ಯ ಪ್ರವಾಸಿಗರೊಬ್ಬರು, ‘ಹಾಗಾದರೆ ಇರಾಕ್‌ನಲ್ಲೂ ನಾವು ಮಾಡಿದ್ದು ಸರಿಯೇ ಅಲ್ಲವೇ?’ ಎಂದು ಮಾರ್ಗದರ್ಶಿಯನ್ನು ಕೇಳಿದರು. ಅವರು ನಕ್ಕು ಕಿಟಕಿಯ ಕಡೆ ತಿರುಗಿದರು. ನಾನು ಸುಮ್ಮನಿರಲಿಲ್ಲ. ಸದ್ದಾಂ ಹುಸೇನ್ ಕ್ರೂರಿ ಎಂಬುದರಲ್ಲಿ ಎರಡು ಮಾತಿಲ್ಲ. ಹಲಬ್ಜಾದ ಕುರ್ದರನ್ನು 1988ರಲ್ಲಿ ವಿಷಾನಿಲದಿಂದ ಕೊಂದಾಗ ಯಾವ ಸೈನ್ಯವೂ ಬರಲಿಲ್ಲ. 2003ರಲ್ಲಿ ಬಂದ ಸೈನ್ಯ ಆತನ ಪ್ರತಿಮೆಯನ್ನು ಏಪ್ರಿಲ್ 9ರಂದು ಉರುಳಿಸಿ, ಮೇ 23ರಂದು ಇರಾಕಿನ ಇಡೀ ಸೇನೆಯನ್ನೇ ವಿಸರ್ಜಿಸಿ, ಬಂದೂಕು ಹಿಡಿಯಲು ಕಲಿತ ಲಕ್ಷಾಂತರ ಗಂಡಸರನ್ನು ಸಂಬಳವಿಲ್ಲದೆ ಮನೆಗೆ ಕಳಿಸಿತು. ಮುಂದಿನ ವರ್ಷಗಳಲ್ಲಿ ಬಾಗ್ದಾದಿನ ಮನುಷ್ಯ ಸಂತೆಗೆ ಹೋಗಿ ಜೀವಂತ ಹಿಂದಿರುಗುವುದೇ ಅನುಮಾನವಾಯಿತು. ಲಿಬಿಯಾದಲ್ಲಿ 2011ರಲ್ಲಿ ನ್ಯಾಟೋ ವಿಮಾನಗಳು ಗಡಾಫಿಯ ಪತನಕ್ಕೆ ನೆರವಾಗಿ ಹಿಂದಿರುಗಿದವು. ಮೂರು ವರ್ಷಗಳಲ್ಲಿ ಅಲ್ಲಿ ಎರಡು ಸರಕಾರಗಳಿದ್ದವು. ಈ ಎರಡಕ್ಕಿಂತ ಕಾಂಬೋಡಿಯಾಕ್ಕೆ ಹತ್ತಿರದ ಹೋಲಿಕೆ ಉಗಾಂಡ. ಅದೇ 1979ರ ಏಪ್ರಿಲ್‌ನಲ್ಲಿ ನೆರೆಯ ತಾಂಜಾನಿಯಾ, ತನ್ನ ಗಡಿಯ ಮೇಲೆ ದಾಳಿಯಾದ ಕಾರಣಕ್ಕೇ, ಕಂಪಾಲಾಕ್ಕೆ ನುಗ್ಗಿ ಇದಿ ಅಮೀನ್‌ನನ್ನು ಓಡಿಸಿತು. ಜನರು ಬೀದಿಯಲ್ಲಿ ಕುಣಿದರು; ಆಮೇಲೆ ಏಳು ವರ್ಷ ಒಳಜಗಳ; 1986ರಲ್ಲಿ ಅಧಿಕಾರ ಹಿಡಿದ ಮುಸೆವೆನಿ ಇನ್ನೂ ಇಳಿದಿಲ್ಲ. ಕಾಂಬೋಡಿಯಾದಲ್ಲೂ ಸೈನ್ಯದ ಬೆನ್ನ ಹಿಂದೆ ಬಂದ ಹುನ್ ಸೇನ್ 1985ರಲ್ಲಿ ಪ್ರಧಾನಿಯಾಗಿ, 2023ರಲ್ಲಿ ಕುರ್ಚಿಯನ್ನು ಮಗನಿಗೆ ಒಪ್ಪಿಸಿದರು. ಇಷ್ಟನ್ನು ನಾನು ಆ ಪ್ರವಾಸಿಗರಿಗೆ ಹೇಳುವ ಹೊತ್ತಿಗೆ ವ್ಯಾನು ಮಾರುಕಟ್ಟೆಯ ಮುಂದೆ ನಿಂತಿತ್ತು. ಅಲ್ಲಿ ರೇಷ್ಮೆಯ ಅಂಗಡಿಗಳಿಗೆ ಒಂದೂಕಾಲು ಗಂಟೆ ಕೊಟ್ಟಿದ್ದರು. ಸ್ಮಾರಕಕ್ಕೆ ಹದಿನೈದು ನಿಮಿಷ, ರೇಷ್ಮೆಗೆ ಒಂದೂಕಾಲು ಗಂಟೆ.

ಪ್ರವಾಸದಲ್ಲಿ ಇಲ್ಲದ, ಆದರೆ ಇರಲೇಬೇಕಾದ ಒಂದು ಸ್ಥಳಕ್ಕೆ ನಾವು ಮರುದಿನ ಟುಕ್‌ಟುಕ್ ಮಾಡಿಕೊಂಡು ಹೋದೆವು. ಅದು ಸೊಸೊರೋ ಎಂದು ಕರೆಯುವ, 2019ರಲ್ಲಿ ತೆರೆದ ಹಣ ಮತ್ತು ಅರ್ಥವ್ಯವಸ್ಥೆಯ ವಸ್ತುಸಂಗ್ರಹಾಲಯ. ಖ್ಮೇರ್ ರೂಜ್ ಹಣವನ್ನೇ ರದ್ದುಗೊಳಿಸಿ, ರಾಷ್ಟ್ರೀಯ ಬ್ಯಾಂಕಿನ ಕಟ್ಟಡವನ್ನು ಸ್ಫೋಟಿಸಿತ್ತು. ತಾನೇ ಮುದ್ರಿಸಿದ್ದ ನೋಟುಗಳನ್ನೂ ಚಲಾವಣೆಗೆ ಬಿಡಲಿಲ್ಲ. 1979ರಲ್ಲಿ ಜೀವ ಉಳಿಸಿಕೊಂಡು ನಗರಕ್ಕೆ ಮರಳಿದವರ ಕೈಯಲ್ಲಿ ನಾಣ್ಯವೂ ಇಲ್ಲ, ನೋಟೂ ಇಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಕೊಡುಕೊಳ್ಳುವಿಕೆ ನಡೆದದ್ದು ಅಕ್ಕಿಯಲ್ಲಿ ಮತ್ತು ಚಿನ್ನದ ಚೂರುಗಳಲ್ಲಿ. 1980ರ ಮಾರ್ಚ್ 20ರಂದು ಆ ದೇಶದ ಹಣವಾದ ರಿಯೆಲ್ ಹೊಸದಾಗಿ ಬಂದಾಗ, ಬದಲಿಗೆ ಕೊಡಲು ಹಳೆಯ ಹಣವೇ ಇಲ್ಲದಿದ್ದುದರಿಂದ, ಸರಕಾರ ಅದನ್ನು ಜನರಿಗೆ ಉಚಿತವಾಗಿ ಹಂಚಬೇಕಾಯಿತು. ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ, ಮಾರ್ಗದರ್ಶಿಯ ತಾಯಿ ಹಾಲಿನ ಡಬ್ಬಿಯಲ್ಲಿ ಅಳೆದ ಅಕ್ಕಿಯೇ ಆ ವರ್ಷದ ನಾಣ್ಯವೂ ಆಗಿತ್ತೆಂದು ಹೊಳೆಯಿತು. ವಿಮೋಚನೆಯ ಮರುದಿನ ಸಾಮಾನ್ಯನ ಕೈಯಲ್ಲಿ ಏನಿತ್ತು ಎಂಬುದನ್ನು ಸ್ನೇಹ ಸ್ಮಾರಕಕ್ಕಿಂತ ಈ ಕೋಣೆ ಚೆನ್ನಾಗಿ ತೋರಿಸುತ್ತದೆ.

ಹಿಂದಿರುಗುವಾಗ ನಮ್ಮ ಟುಕ್‌ಟುಕ್ ‘ಪ್ರಾಂಪೀ ಮಕರಾ’ ಎಂಬ ಬಡಾವಣೆಯನ್ನು ಹಾದುಹೋಯಿತು. ಖ್ಮೇರ್ ಭಾಷೆಯ ತಿಂಗಳ ಹೆಸರುಗಳು ಸಂಸ್ಕೃತದ ರಾಶಿಗಳಿಂದ ಬಂದವು. ನಮ್ಮ ಸಂಕ್ರಾಂತಿಯ ಮಕರವೇ ಅಲ್ಲಿನ ಜನವರಿ. ‘ಮಕರ ಏಳು’ ಎಂಬುದು ಅಲ್ಲಿ ಊರಿನ ಒಂದು ಆಡಳಿತ ವಿಭಾಗದ ಹೆಸರು, ಸರಕಾರಿ ರಜೆಯ ದಿನ, ಮತ್ತು ರಾಜಕೀಯ ಜಗಳದ ವಿಷಯ, ಮೂರೂ ಹೌದು. ಆಳುವ ಪಕ್ಷದವರಿಗೆ ಅದು ಎರಡನೆಯ ಹುಟ್ಟುಹಬ್ಬ. ವಿರೋಧಿಗಳಿಗೆ ಪರದೇಶದ ಆಳ್ವಿಕೆ ಶುರುವಾದ ದಿನ. ಟುಕ್‌ಟುಕ್ ಓಡಿಸುತ್ತಿದ್ದ ಹುಡುಗನನ್ನು ಕೇಳಿದಾಗ, ಆ ದಿನ ಬಾಡಿಗೆ ಚೆನ್ನಾಗಿ ಸಿಗುತ್ತದೆ ಎಂದ.

ಪ್ರವಾಸಕ್ಕೆ ನಾನು ಐದರಲ್ಲಿ ಮೂರೂವರೆ ಕೊಡುತ್ತೇನೆ. ಬೆಳಗಿನ ಭಾಗವನ್ನು ತಪ್ಪಿಸಿಕೊಳ್ಳಬಾರದು. ಅರ್ಧ ದಿನದ ಪ್ರವಾಸವೂ ಇದೆ, 28 ಡಾಲರ್, ಊಟವಿಲ್ಲ, ಅದನ್ನೇ ಆರಿಸಿಕೊಂಡು ಮಧ್ಯಾಹ್ನ ಸೊಸೊರೋಕ್ಕೆ ಸ್ವಂತವಾಗಿ ಹೋಗುವುದು ಮೇಲು. ಹತ್ತು ವರ್ಷದೊಳಗಿನ ಮಕ್ಕಳನ್ನು ಟುವೋಲ್ ಸ್ಲೆಂಗ್‌ಗೆ ಕರೆದೊಯ್ಯಬೇಡಿ. ಸಸ್ಯಾಹಾರದ ಬಗ್ಗೆ ಬುಕಿಂಗ್ ಮಾಡುವಾಗಲೇ ಬರೆದು ತಿಳಿಸಿ. ಅಭಿಪ್ರಾಯ ಪತ್ರದಲ್ಲಿ ನಾನು, ಸ್ಮಾರಕದ ಮುಂದೆ ಒಂದು ಗಂಟೆ ಕೊಡಿ, 1979ರಿಂದ 1991ರವರೆಗಿನ ಕಥೆಯನ್ನು ಅಲ್ಲಿಯೇ ಹೇಳಿ, ಮಾರ್ಗದರ್ಶಿಗಳಿಗೆ ತಮ್ಮ ಮನೆಯ ಮಾತನ್ನು ಆಡುವ ಸ್ವಾತಂತ್ರ್ಯ ಕೊಡಿ ಎಂದು ಬರೆದು ಬಂದಿದ್ದೇನೆ. ಹೋಗುವವರು ಊಟದ ಮೇಜಿನಲ್ಲಿ ಮಾರ್ಗದರ್ಶಿಯ ಪಕ್ಕದಲ್ಲೇ ಕುಳಿತುಕೊಳ್ಳಿ.